ಆಗಾಗ ಏರುವ ಐಡ್ಲಿಂಗ್: ಹಳೇ ಕಾರಿನ ಕಳ್ಳನನ್ನು ಮಾಲು ಸಮೇತ ಹಿಡಿಯುವುದು ಹೇಗೆ

ಸಿಗ್ನಲ್‌ನಲ್ಲಿ ನಿಂತಿದ್ದೀರಿ. ಗಾಡಿ ನ್ಯೂಟ್ರಲ್‌ನಲ್ಲಿದೆ, ಎಕ್ಸಲರೇಟರ್ ಮೇಲೆ ಕಾಲಿಲ್ಲ, ಅಂದರೆ ಎಂಜಿನ್ ಐಡ್ಲಿಂಗ್‌ನಲ್ಲಿದೆ. ಆದರೂ ಅದು 1,500 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 1,500 ಸುತ್ತಿನಲ್ಲಿ ಕೂಗುತ್ತಿದೆ. ಪಕ್ಕದ ಗಾಡಿಯವರು ನಿಮ್ಮತ್ತ ತಿರುಗಿ ನೋಡುತ್ತಾರೆ. ಮರುದಿನ ಗ್ಯಾರೇಜಿಗೆ ಒಯ್ದರೆ ಅದೇ ಎಂಜಿನ್ 800ರಲ್ಲಿ ಸಾಧುವಿನಂತೆ ಕೂತಿರುತ್ತದೆ. ಮೆಕ್ಯಾನಿಕ್ ಬಾನೆಟ್ ಮುಚ್ಚಿ, 'ಏನೂ ಇಲ್ಲವಲ್ಲ ಸಾರ್' ಅನ್ನುತ್ತಾನೆ. ತಪ್ಪು ಅವನದಲ್ಲ. ಇಲ್ಲದ ರೋಗವನ್ನು ಯಾರೂ ಪರೀಕ್ಷೆ ಮಾಡಲಾರರು.

ಇಂಥ ಹೊತ್ತಿನಲ್ಲಿ ನಾವು ಮಾಡುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಕೆಲಸ: ಯಾವುದೋ ಸೆನ್ಸರ್ ಬದಲಿಸುವುದು, ಮತ್ತಾವುದೋ ವಾಲ್ವ್ ಬದಲಿಸುವುದು. ನಾನೂ ಮಾಡಿದ್ದೇನೆ, ಆ ಕಥೆ ಮುಂದೆ ಬರುತ್ತದೆ. ಆಮೇಲೆ ಕಲಿತದ್ದು ಇಷ್ಟೆ: ತೊಂದರೆ ಕಾಣಿಸಿಕೊಂಡ ಹೊತ್ತಿನಲ್ಲೇ, ಎಂಜಿನ್ ಆಫ್ ಮಾಡದೆ, ಎರಡು ನಿಮಿಷದ ಒಂದು ಪರೀಕ್ಷೆ ಮಾಡಬೇಕು. ಉಳಿದದ್ದೆಲ್ಲ ಅದರ ಹಿಂದೆ ಹೋಗುವ ಕೆಲಸ.

ಇಲ್ಲಿ ಹೇಳುವುದು ಪೆಟ್ರೋಲ್ ಎಂಜಿನ್‌ಗೆ, ಅದರಲ್ಲೂ ಎಕ್ಸಲರೇಟರ್‌ನಿಂದ ಎಂಜಿನ್‌ಗೆ ತಂತಿ ಕೇಬಲ್ ಹೋಗುವ ಹಳೇ ಕಾರುಗಳಿಗೆ. ಡೀಸೆಲ್ ಎಂಜಿನ್‌ನ ವೇಗ ನಿರ್ಧಾರವಾಗುವುದು ಇಂಧನದಿಂದ, ಅದರ ದಾರಿಯೇ ಬೇರೆ.

ಮೊದಲು, ಇದು ತೊಂದರೆ ಹೌದೋ ಅಲ್ಲವೋ

ಚೆನ್ನಾಗಿ ಬಿಸಿಯಾದ ಎಂಜಿನ್ ಸಾಮಾನ್ಯವಾಗಿ 650ರಿಂದ 850 ಆರ್‌ಪಿಎಂ ನಡುವೆ ನಿಲ್ಲುತ್ತದೆ. ನಿಮ್ಮ ಕಾರಿನ ಸರಿಯಾದ ಅಂಕಿ ಕೈಪಿಡಿಯಲ್ಲಿ, ಎಷ್ಟೋ ಕಾರುಗಳಲ್ಲಿ ಬಾನೆಟ್ ಒಳಗಿನ ಸ್ಟಿಕ್ಕರ್ ಮೇಲೂ ಇರುತ್ತದೆ. ಬೆಳಗಿನ ತಣ್ಣನೆಯ ಸ್ಟಾರ್ಟ್‌ಗೆ 1,200ರಿಂದ 1,500 ಇದ್ದು, ಎಂಜಿನ್ ಬಿಸಿಯಾಗುತ್ತ ನಿಧಾನವಾಗಿ ಇಳಿದರೆ ಅದು ರೋಗವಲ್ಲ. ಎಸಿ ಹಾಕಿದಾಗ ಸ್ವಲ್ಪ ಏರುವುದೂ ಸಹಜ. ಇನ್ನೊಂದು ವಿಷಯ ಹಲವರನ್ನು ಸುಮ್ಮನೆ ಹೆದರಿಸುತ್ತದೆ: ಗಾಡಿ ಉರುಳುತ್ತಿರುವಾಗ ಕ್ಲಚ್ ಒತ್ತಿದರೆ ಆರ್‌ಪಿಎಂ ಸ್ವಲ್ಪ ಮೇಲೇ ನಿಂತು, ಗಾಡಿ ಪೂರ್ತಿ ನಿಂತ ಒಂದೆರಡು ಸೆಕೆಂಡಿಗೆ ಇಳಿಯುತ್ತದೆ. ಎಂಜಿನ್ ಬಂದ್ ಬೀಳದಿರಲಿ ಎಂದು ಅನೇಕ ಕಾರುಗಳಲ್ಲಿ ಬೇಕೆಂದೇ ಹಾಗೆ ಮಾಡಿರುತ್ತಾರೆ. ಇಲ್ಲದ ರೋಗಕ್ಕೆ ಮದ್ದು ಮಾಡಲು ಹೋಗಬೇಡಿ.

ಟೆಂಪರೇಚರ್ ಮುಳ್ಳು ತನ್ನ ಮಾಮೂಲಿ ಜಾಗಕ್ಕೆ ಬಂದಿದೆ, ಎಸಿ ಆಫ್ ಇದೆ, ಗಾಡಿ ನಿಂತಿದೆ, ಆದರೂ ಸಾವಿರದ ಮೇಲೆ ಓಡುತ್ತಿದೆ ಎಂದಾದರೆ ಮಾತ್ರ ಮುಂದೆ ಓದಿ.

ಗಾಳಿ ಒಳಗೆ ಬರಲು ಮೂರೇ ದಾರಿ

ಪೆಟ್ರೋಲ್ ಎಂಜಿನ್‌ಗೆ ಹೆಚ್ಚು ಗಾಳಿ ಸಿಕ್ಕದೆ ವೇಗ ಏರುವುದು ಅಪರೂಪ. ಅಂಥ ಒಂದು ಅಪವಾದವನ್ನು ಕೊನೆಯಲ್ಲಿ ಹೇಳುತ್ತೇನೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ಒಂದೇ: ಗಾಳಿ ಎಲ್ಲಿಂದ ಬರುತ್ತಿದೆ?

ಮನೆಗೆ ಹೋಲಿಸಿ ನೋಡಿ. ಮುಂಬಾಗಿಲು ಎಂದರೆ ಥ್ರಾಟಲ್ ಪ್ಲೇಟ್, ನಿಮ್ಮ ಕಾಲು ತೆರೆಯುವ ತಟ್ಟೆ. ಹಿಂಬಾಗಿಲು ಎಂದರೆ ಐಡಲ್ ಏರ್ ಕಂಟ್ರೋಲ್ ವಾಲ್ವ್, ಚಿಕ್ಕದಾಗಿ ಐಎಸಿ. ಎಂಜಿನ್ ನಡೆಸುವ ಕಂಪ್ಯೂಟರ್, ಅಂದರೆ ಇಸಿಯು, ಇದನ್ನು ತೆರೆದು ಮುಚ್ಚಿ ಐಡ್ಲಿಂಗ್ ಕಾಯುತ್ತದೆ. ಮೂರನೆಯದು ಕನ್ನ: ಒಡೆದ ಪೈಪು, ಸಡಿಲಾದ ಗ್ಯಾಸ್ಕೆಟ್, ಯಾರಿಗೂ ಹೇಳದೆ ಗಾಳಿ ನುಗ್ಗುವ ಜಾಗ. ಇದನ್ನೇ ವ್ಯಾಕ್ಯೂಮ್ ಲೀಕ್ ಅನ್ನುತ್ತಾರೆ. ಮುಂಬಾಗಿಲು, ಹಿಂಬಾಗಿಲು, ಕನ್ನ, ಈ ಮೂರರಲ್ಲಿ ಯಾವುದು ಎಂದು ಗೊತ್ತಾಗುವ ತನಕ ಒಂದು ಸ್ಕ್ರೂ ಕೂಡ ಬಿಚ್ಚಬಾರದು.

ಹಂತ 1: ಒಂದು ವಾರ ಬರೆದಿಡಿ

ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಒಂದು ಚಿಕ್ಕ ನೋಟ್‌ಬುಕ್ ಇಡಿ. ಪ್ರತಿ ಸಲ ಐಡ್ಲಿಂಗ್ ಏರಿದಾಗ ಬರೆಯಬೇಕಾದದ್ದು: ಎಂಜಿನ್ ಎಷ್ಟು ಬಿಸಿ ಇತ್ತು, ಎಷ್ಟು ಹೊತ್ತು ಓಡಿಸಿದ್ದಿರಿ, ಆರ್‌ಪಿಎಂ ಎಷ್ಟು, ಒಂದೇ ಕಡೆ ನಿಂತಿತ್ತೋ ಏರಿಳಿಯುತ್ತಿತ್ತೋ, ಬ್ರೇಕ್ ಒತ್ತಿದಾಗ ಬದಲಾಯಿತೋ, ಎಸಿ ಅಥವಾ ಹೆಡ್‌ಲೈಟ್ ಹಾಕಿದಾಗ ಬದಲಾಯಿತೋ, ಆಫ್ ಮಾಡಿ ಮತ್ತೆ ಹಾಕಿದರೆ ಸರಿಯಾಯಿತೋ.

ಬೇಸರದ ಕೆಲಸ, ಆದರೆ ಅರ್ಧ ಉತ್ತರ ಇಲ್ಲೇ ಸಿಗುತ್ತದೆ. ಬ್ರೇಕ್ ಪೆಡಲ್ ಒತ್ತಿದಾಗ ಆರ್‌ಪಿಎಂ ಬದಲಾಗಿ 'ಸುಸ್' ಎಂಬ ಸದ್ದು ಬಂದರೆ ಎಂಜಿನ್ನಿನ ಎಳೆತದಿಂದ ಬ್ರೇಕಿಗೆ ಬಲ ಕೊಡುವ ಬ್ರೇಕ್ ಬೂಸ್ಟರ್ ಮೇಲೆ ಅನುಮಾನ. ಕಾಲಿನ ತುದಿಯಿಂದ ಎಕ್ಸಲರೇಟರ್ ಒಂದು ಸಲ ತಟ್ಟಿದರೆ ಇಳಿಯುವುದಾದರೆ ಕೇಬಲ್ ಅಥವಾ ಥ್ರಾಟಲ್ ಪ್ಲೇಟ್ ಸಿಕ್ಕಿಹಾಕಿಕೊಳ್ಳುತ್ತಿದೆ. ಆಫ್ ಮಾಡಿ ಹಾಕಿದೊಡನೆ ಸರಿಯಾದರೆ ಐಎಸಿ ಅಥವಾ ಅದಕ್ಕೆ ಸುದ್ದಿ ಕೊಡುವ ಸೆನ್ಸರ್ ಕಡೆ ನೋಡಬೇಕು. ತಣ್ಣಗಿದ್ದಾಗ ಮಾತ್ರ, ಬೆಳಗಿನ ಮಾಮೂಲಿ ಏರಿಕೆಗಿಂತಲೂ ಹೆಚ್ಚು ಏರಿ, ಬಿಸಿಯಾದ ಮೇಲೆ ಹೋಗುವುದಾದರೆ ಗಟ್ಟಿಯಾದ ರಬ್ಬರ್ ಅಥವಾ ಗ್ಯಾಸ್ಕೆಟ್ ಇರಬಹುದು, ಬಿಸಿಗೆ ಉಬ್ಬಿ ಅದೇ ಬಿರುಕು ಮುಚ್ಚಿಕೊಳ್ಳುತ್ತದೆ. ಬೆಟ್ಟ ಹತ್ತುವಾಗ, ಅಥವಾ ಗೇರ್ ಹಾಕಿ ಜೋರಾಗಿ ಎಳೆಯುವಾಗ ಮಾತ್ರ ಬಂದರೆ ಎಂಜಿನ್ ಕೂತಿರುವ ರಬ್ಬರ್ ಆಸರೆ, ಅಂದರೆ ಎಂಜಿನ್ ಮೌಂಟಿಂಗ್ ನೋಡಿ. ಅದು ಹರಿದಿದ್ದರೆ ಎಂಜಿನ್ ವಾಲಿ ಕೇಬಲನ್ನು ತಾನೇ ಎಳೆಯುತ್ತದೆ.

ಹಂತ 2: ಎರಡು ನಿಮಿಷದ ಪರೀಕ್ಷೆ

ಕಾರಿನಲ್ಲಿ ಸದಾ ಇಟ್ಟುಕೊಳ್ಳಿ: ಮೊಂಡು ಬಾಯಿಯ ಇಕ್ಕಳ, ಅದರ ಬಾಯಿಗೆ ಸುತ್ತಲು ದಪ್ಪ ಬಟ್ಟೆ, ಟಾರ್ಚ್, ಗ್ಲವ್ಸ್. ಕಾರಿಗೆ ಓಬಿಡಿ ಸಾಕೆಟ್, ಅಂದರೆ ಇಸಿಯುವಿನ ಮಾಹಿತಿ ಓದುವ ಕಿಂಡಿ ಇದ್ದರೆ, ಫೋನಿಗೆ ಕೂಡುವ ಅಗ್ಗದ ಸ್ಕ್ಯಾನರ್ ಕೂಡ. ಅಮೆರಿಕದಲ್ಲಿ 1996ರಿಂದ ಎಲ್ಲ ಹೊಸ ಕಾರುಗಳಿಗೂ ಓಬಿಡಿ-2 ಕಡ್ಡಾಯವಾಯಿತು. ಬೇರೆ ಕಡೆ ಮಾರಿದ ಕಾರುಗಳಲ್ಲಿ ಅದು ತಡವಾಗಿ ಬಂದಿದ್ದುಂಟು, ಹಾಗಾಗಿ ಸಾಕೆಟ್ ಇಲ್ಲದ ಹಳೇ ಗಾಡಿ ಸಿಕ್ಕರೆ ಆಶ್ಚರ್ಯವಿಲ್ಲ.

ತೊಂದರೆ ಬಂದೊಡನೆ ಸಮತಟ್ಟಾದ ಸುರಕ್ಷಿತ ಜಾಗಕ್ಕೆ ತಿರುಗಿಸಿ. ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಚಕ್ರಕ್ಕೆ ಕಲ್ಲು. ಜಾಗ ಬಯಲಾಗಿರಲಿ, ಮುಚ್ಚಿದ ಶೆಡ್‌ನಲ್ಲಿ ಹೊಗೆಯ ಕಾರ್ಬನ್ ಮೊನಾಕ್ಸೈಡ್ ಸದ್ದಿಲ್ಲದೆ ಕೊಲ್ಲುತ್ತದೆ. ತೋಳು, ಶಾಲು, ಉದ್ದ ಕೂದಲು ಬೆಲ್ಟಿನಿಂದಲೂ ಫ್ಯಾನ್‌ನಿಂದಲೂ ದೂರವಿರಲಿ. ಎಂಜಿನ್ ಮಾತ್ರ ಆಫ್ ಮಾಡಬೇಡಿ.

ಮೊದಲು ಮುಂಬಾಗಿಲು. ಥ್ರಾಟಲ್ ಪ್ಲೇಟ್ ಕೂತಿರುವ ಕವಚವೇ ಥ್ರಾಟಲ್ ಬಾಡಿ, ಅದರ ಪಕ್ಕದಲ್ಲಿ ಕೇಬಲ್ ಸುತ್ತಿದ ಲಿವರ್ ಇರುತ್ತದೆ. ಅದನ್ನು ಮುಚ್ಚುವ ದಿಕ್ಕಿಗೆ ಕೈಯಿಂದ ಒತ್ತಿ. ಆರ್‌ಪಿಎಂ ತಟ್ಟನೆ ಇಳಿಯಿತೇ? ಕಳ್ಳ ಸಿಕ್ಕ, ಹಂತ 3ಕ್ಕೆ ಹೋಗಿ.

ಇಳಿಯದಿದ್ದರೆ ಹಿಂಬಾಗಿಲು. ಐಎಸಿಗೆ ರಬ್ಬರ್ ಪೈಪ್ ಇದ್ದರೆ ಬಟ್ಟೆ ಸುತ್ತಿದ ಇಕ್ಕಳದಿಂದ ಅದನ್ನು ಮೆತ್ತಗೆ ಅದುಮಿ. ಆರ್‌ಪಿಎಂ ಇಳಿದರೆ ಗಾಳಿ ಆ ದಾರಿಯಲ್ಲೇ ಬರುತ್ತಿದೆ. ಕೆಲವು ಕಾರುಗಳಲ್ಲಿ ಪೈಪ್ ಇರುವುದಿಲ್ಲ, ವಾಲ್ವ್ ಥ್ರಾಟಲ್ ಬಾಡಿಗೇ ಕೂತಿದ್ದು, ತಟ್ಟೆಯ ಮುಂದಿನ ಒಂದು ತೂತಿನಿಂದ ಗಾಳಿ ಎಳೆಯುತ್ತದೆ. ಏರ್ ಫಿಲ್ಟರ್‌ನಿಂದ ಬರುವ ಕೊಳವೆ ತೆಗೆದು ಆ ತೂತನ್ನು ಬೆರಳಿನಿಂದ ಮುಚ್ಚಿ ನೋಡಬಹುದು. ಆದರೆ ಕೊಳವೆಯಲ್ಲಿ ಒಳಬರುವ ಗಾಳಿಯನ್ನು ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರ್ ಇದ್ದರೆ ಅದನ್ನು ತೆಗೆದೊಡನೆ ಎಂಜಿನ್ ಬಂದ್ ಬೀಳಬಹುದು. ಅಂಥ ಕಾರಿನಲ್ಲಿ ಸ್ಕ್ಯಾನರ್ ಒಳ್ಳೆಯದು.

ಎರಡಕ್ಕೂ ಇಳಿಯಲಿಲ್ಲವೆಂದರೆ ಉಳಿದದ್ದು ಕನ್ನ. ಸಮಯವಿದ್ದರೆ ಸಿಲಿಂಡರುಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡ್‌ಗೆ ಹೋಗುವ ರಬ್ಬರ್ ಪೈಪುಗಳನ್ನು ಒಂದೊಂದಾಗಿ ಅದುಮಿ ನೋಡಿ.

ಸ್ಕ್ಯಾನರ್ ಇದ್ದವರಿಗೆ ಇದಕ್ಕಿಂತ ಚುರುಕಾದ ದಾರಿಯಿದೆ. ಲೈವ್ ಡೇಟಾದಲ್ಲಿ ಐಎಸಿಯ ಅಂಕಿ ನೋಡಿ, ಸ್ಟೆಪ್ ಎಂದೋ ಶೇಕಡಾ ಎಂದೋ ತೋರಿಸುತ್ತದೆ. ಐಡ್ಲಿಂಗ್ ಸರಿ ಇರುವಾಗಿನ ಅಂಕಿಯನ್ನು ಮೊದಲೇ ಬರೆದಿಟ್ಟುಕೊಂಡಿರಬೇಕು. ತೊಂದರೆ ಬಂದಾಗ ಅಂಕಿ ಅದಕ್ಕಿಂತ ಬಹಳ ಮೇಲಿದ್ದರೆ ಹೆಚ್ಚು ಗಾಳಿಯನ್ನು ಇಸಿಯುವೇ ಕೇಳುತ್ತಿದೆ, ಯಾರೋ ಅದಕ್ಕೆ ಸುಳ್ಳು ಹೇಳಿದ್ದಾರೆ. ಅಂಕಿ ತಳ ಮುಟ್ಟಿದ್ದರೆ ಇಸಿಯು 'ಬೇಡ, ಬೇಡ' ಎಂದು ಬಾಗಿಲು ಮುಚ್ಚುತ್ತಿದೆ, ಗಾಳಿ ಬೇರೆಲ್ಲಿಂದಲೋ ನುಗ್ಗುತ್ತಿದೆ. ಅಂಕಿ ತಳದಲ್ಲಿದ್ದೂ ಐಎಸಿ ಪೈಪ್ ಅದುಮಿದಾಗ ಆರ್‌ಪಿಎಂ ಇಳಿದರೆ ಆ ವಾಲ್ವೇ ಕೆಟ್ಟು ತೆರೆದು ನಿಂತಿದೆ. ಈ ಒಂದು ಸಾಲಿನ ಮಾಹಿತಿ ನನಗೆ ಮೊದಲೇ ಗೊತ್ತಿದ್ದರೆ ಒಂದೂವರೆ ತಿಂಗಳು ಉಳಿಯುತ್ತಿತ್ತು.

ಹಂತ 3: ಮುಂಬಾಗಿಲು

ಎಂಜಿನ್ ಆಫ್ ಮಾಡಿ. ಒಬ್ಬರು ಎಕ್ಸಲರೇಟರ್ ಒತ್ತಿ ಬಿಡಲಿ, ಇನ್ನೊಬ್ಬರು ಲಿವರ್ ನೋಡಲಿ. ಪ್ರತಿ ಸಲ 'ಟಕ್' ಎಂದು ಸ್ಟಾಪ್ ಸ್ಕ್ರೂಗೆ ಬಂದು ಬಡಿಯಬೇಕು. ಕೊನೆಯ ಎಳೆಯಷ್ಟು ದೂರದಲ್ಲಿ ಸೋಮಾರಿಯಾದರೆ ಕಾರಣ ಹುಡುಕಿ: ಕೇಬಲಿನ ಒಳಗಿನ ಎಳೆ ಬಿಚ್ಚಿಕೊಂಡಿರಬಹುದು, ಹೊರಕವಚ ಮಡಚಿರಬಹುದು, ರಿಟರ್ನ್ ಸ್ಪ್ರಿಂಗ್ ಸೋತಿರಬಹುದು. ಪೆಡಲಿನ ಕೆಳಗೆ ಮ್ಯಾಟ್ ಸೇರಿಕೊಂಡದ್ದನ್ನು ಹುಡುಕದೆ ಎಂಜಿನ್ ಬಿಚ್ಚಿದವರೂ ಇದ್ದಾರೆ. ಕ್ರೂಸ್ ಕಂಟ್ರೋಲ್ ಇದ್ದರೆ ಅದರದೊಂದು ಪ್ರತ್ಯೇಕ ಕೇಬಲ್ ಅದೇ ಲಿವರ್‌ಗೆ ಬಂದಿರುತ್ತದೆ, ಅದನ್ನೂ ನೋಡಿ. ಬಿಟ್ಟ ಸ್ಥಿತಿಯಲ್ಲಿ ಕೇಬಲ್ ತುಸು ಸಡಿಲವಿರಬೇಕು. ಬಿಗಿಯಾಗಿದ್ದರೆ ಎಂಜಿನ್ ಬಿಸಿಯಾಗಿ ಅಲುಗಾಡಿದಾಗ ತಾನೇ ಎಳೆದುಕೊಳ್ಳುತ್ತದೆ.

ಕೇಬಲ್ ಸರಿ ಇದ್ದರೆ ತಟ್ಟೆಯ ಅಂಚಿನಲ್ಲಿ ಕಪ್ಪು ಜಿಡ್ಡು ಕಟ್ಟಿದೆಯೇ ನೋಡಿ. ಥ್ರಾಟಲ್ ಬಾಡಿ ಕ್ಲೀನರ್ ಅನ್ನು ನೇರ ಎರಚದೆ ಬಟ್ಟೆಗೆ ಹಾಕಿ, ತಟ್ಟೆಯ ಎರಡೂ ಬದಿ ಒರೆಸಿ. ಶುಚಿ ಮಾಡಿದ ಮೇಲೆ ಒಂದೆರಡು ದಿನ ಐಡ್ಲಿಂಗ್ ಮೊದಲಿಗಿಂತ ಏರಿದರೆ ಗಾಬರಿ ಬೇಡ. ಜಿಡ್ಡಿಗೆ ಹೊಂದಿಕೊಂಡಿದ್ದ ಇಸಿಯು ಈಗ ಹೊಸದಾಗಿ ಕಲಿಯಬೇಕು. ಕೆಲವು ಕಾರುಗಳಲ್ಲಿ ಅದಕ್ಕೆ ಕೈಪಿಡಿಯ ಪ್ರಕಾರ ಐಡಲ್ ರೀಲರ್ನ್ ಮಾಡಿಸಬೇಕಾಗುತ್ತದೆ.

ಒಂದು ಕೈಮುಗಿದ ವಿನಂತಿ: ಆ ಸ್ಟಾಪ್ ಸ್ಕ್ರೂ ಮುಟ್ಟಬೇಡಿ. ಐಡ್ಲಿಂಗ್ ಇಳಿಸಲು ಅದನ್ನು ತಿರುಗಿಸುವುದು ಜ್ವರ ಇಳಿಸಲು ಥರ್ಮಾಮೀಟರನ್ನು ತಣ್ಣೀರಿನಲ್ಲಿ ಅದ್ದಿದ ಹಾಗೆ. ಅದು ಕಾರ್ಖಾನೆಯಲ್ಲಿ ಕೂಡಿಸಿದ್ದು. ಯಾರಾದರೂ ಹಿಂದೆ ಮುಟ್ಟಿದ್ದರೆ ಅದರ ಬಣ್ಣದ ಗುರುತು ಒಡೆದಿರುವುದು ಕಾಣುತ್ತದೆ.

ಹಂತ 4: ಹಿಂಬಾಗಿಲು, ಮತ್ತು ಇಸಿಯುಗೆ ಸುಳ್ಳು ಹೇಳುವವರು

ವಾಲ್ವೇ ಅಂಟಿಕೊಂಡಿದ್ದರೆ ಬಿಚ್ಚಿ, ಕಾರ್ಬನ್ ಒರೆಸಿ, ಹೊಸ ಗ್ಯಾಸ್ಕೆಟ್ ಹಾಕಿ ಕೂಡಿಸಬಹುದು. ಸ್ಟೆಪರ್ ಮಾದರಿಯ ವಾಲ್ವಿನ ಮೊನೆಯನ್ನು ಕೈಯಿಂದ ಎಳೆದು ಒತ್ತಿ ಮಾಡಬೇಡಿ, ಒಳಗಿನ ಹಲ್ಲು ಮುರಿಯುತ್ತದೆ. ಶುಚಿ ಮಾಡಿದ ಮೇಲೂ ಸಿಕ್ಕಿಕೊಂಡರೆ ಆಗ ಬದಲಿಸಿ.

ಆದರೆ ಇಸಿಯುವೇ ಗಾಳಿ ಕೇಳುತ್ತಿದ್ದರೆ ವಾಲ್ವ್ ಬದಲಿಸಿ ಏನೂ ಪ್ರಯೋಜನವಿಲ್ಲ. ಇಲ್ಲಿ ಮೊದಲ ಆರೋಪಿ ಎಂಜಿನ್ ತಣಿಸುವ ನೀರಿನ, ಅಂದರೆ ಕೂಲೆಂಟಿನ, ಬಿಸಿ ಅಳೆಯುವ ಕೂಲೆಂಟ್ ಟೆಂಪರೇಚರ್ ಸೆನ್ಸರ್. ಎಂಜಿನ್ ಬಿಸಿ ಇದ್ದರೂ 'ತಣ್ಣಗಿದೆ' ಎಂದು ಅದು ಹೇಳಿದರೆ ಇಸಿಯು ಬೆಳಗಿನ ಸ್ಟಾರ್ಟ್‌ನಂತೆ ಐಡ್ಲಿಂಗ್ ಏರಿಸುತ್ತದೆ. ಡ್ಯಾಶ್‌ಬೋರ್ಡ್ ಮುಳ್ಳನ್ನು ನಂಬಬೇಡಿ, ಹಳೇ ಕಾರುಗಳಲ್ಲಿ ಮುಳ್ಳಿನ ಸೆನ್ಸರೇ ಬೇರೆ, ಇಸಿಯು ಸೆನ್ಸರೇ ಬೇರೆ ಇರುವುದುಂಟು. ಬಿಸಿಯಾದಂತೆ ಈ ಸೆನ್ಸರಿನ ರೆಸಿಸ್ಟೆನ್ಸ್ ಇಳಿಯುತ್ತದೆ: ಸಾಮಾನ್ಯ ಮಾದರಿಯದ್ದು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 2,000ದಿಂದ 3,000 ಓಮ್, 80 ಡಿಗ್ರಿಯಲ್ಲಿ ಸುಮಾರು 300 ಓಮ್. ಸ್ಕ್ಯಾನರಿನಲ್ಲಿ ತಾಪಮಾನ ನೋಡುತ್ತ ಕನೆಕ್ಟರನ್ನು ಅಲುಗಿಸಿ. 85 ಇದ್ದದ್ದು ಒಂದೇ ಗಳಿಗೆಯಲ್ಲಿ ಮೈನಸ್ 40ಕ್ಕೆ ಹಾರಿದರೆ ವೈರ್ ಕಡಿದು ಕೂಡುತ್ತಿದೆ. ನೀರು ಹಾಗೆ ತಣ್ಣಗಾಗುವುದಿಲ್ಲ.

ಈಗ ನನ್ನ ಕಥೆ. ಹೆದ್ದಾರಿಯಲ್ಲಿ ಓಡಿಸಿ ಊರೊಳಗೆ ಬಂದು ನಿಂತರೆ ಐಡ್ಲಿಂಗ್ 1,000ಕ್ಕೂ 1,800ಕ್ಕೂ ನಡುವೆ ಉಯ್ಯಾಲೆ ಆಡುತ್ತಿತ್ತು. ಥ್ರಾಟಲ್ ಪೊಸಿಷನ್ ಸೆನ್ಸರ್ ಬದಲಿಸಿದೆ, ಐಎಸಿ ಬದಲಿಸಿದೆ, ಥ್ರಾಟಲ್ ಬಾಡಿ ಎರಡು ಸಲ ತೊಳೆದೆ. ಕೂಲೆಂಟ್ ಬಾಟಲಿಯಲ್ಲಿ ಮಟ್ಟ ಸರಿಯಾಗಿತ್ತು, ಹಾಗಾಗಿ ಆ ಕಡೆ ತಿರುಗಿ ನೋಡಲೇ ಇಲ್ಲ. ಕೊನೆಗೊಂದು ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆದರೆ ನೀರೇ ಕಾಣದು! ಬಾಟಲಿಯಿಂದ ರೇಡಿಯೇಟರಿಗೆ ಹೋಗುವ ಸಣ್ಣ ಪೈಪಿನಲ್ಲಿ ಕೂದಲೆಳೆಯಷ್ಟು ಬಿರುಕು. ಬಿಸಿಯಾದಾಗ ಕೂಲೆಂಟ್ ಹೊರಕ್ಕೆ ಹೋಗುತ್ತಿತ್ತು, ತಣ್ಣಗಾಗುವಾಗ ಬಾಟಲಿಯಿಂದ ವಾಪಸ್ ಎಳೆಯುವ ಬದಲು ಬಿರುಕಿನಿಂದ ಗಾಳಿ ಎಳೆದುಕೊಳ್ಳುತ್ತಿತ್ತು. ಹೀಗೆ ಒಳಗೆ ಸೇರಿದ ಗಾಳಿಗುಳ್ಳೆ ಸೆನ್ಸರ್ ಬಳಿ ಬಂದಾಗ ಸೆನ್ಸರ್ ನೀರನ್ನಲ್ಲ, ಗಾಳಿಯನ್ನು ಅಳೆಯುತ್ತಿತ್ತು. ಕೆಲವು ಕಾರುಗಳಲ್ಲಿ ಥ್ರಾಟಲ್ ಬಾಡಿಯ ಕೆಳಗೆ ತಣ್ಣಗಿದ್ದಾಗ ಹೆಚ್ಚು ಗಾಳಿ ಬಿಡುವ, ಮೇಣದಿಂದ ಕೆಲಸ ಮಾಡುವ ಫಾಸ್ಟ್ ಐಡಲ್ ವಾಲ್ವ್ ಕೂಡ ಇರುತ್ತದೆ. ಅದು ಮುಚ್ಚಿಕೊಳ್ಳಬೇಕಾದರೆ ಬಿಸಿ ಕೂಲೆಂಟ್ ಅದರ ಮೂಲಕ ಹರಿಯಲೇಬೇಕು. ಒಂದು ಗೇಣು ಪೈಪ್ ಹಾಕಿ, ಕೂಲೆಂಟ್ ತುಂಬಿ, ಗಾಳಿ ತೆಗೆದ ಮೇಲೆ ಉಯ್ಯಾಲೆ ನಿಂತಿತು.

ಆದ್ದರಿಂದ ಸೆನ್ಸರಿಗೆ ಕೈ ಹಾಕುವ ಮೊದಲು ಕೂಲೆಂಟ್ ನೋಡಿ, ಎಂಜಿನ್ ತಣ್ಣಗಿದ್ದಾಗ ಮಾತ್ರ. ಬಿಸಿ ಇದ್ದಾಗ ಮುಚ್ಚಳ ತೆಗೆದರೆ ಕುದಿಯುವ ನೀರು ಮುಖಕ್ಕೆ ಹಾರುತ್ತದೆ. ಎಂಜಿನ್ ಬಿಸಿಯಾಗುವ ತನಕ ರೇಡಿಯೇಟರಿಗೆ ಕೂಲೆಂಟ್ ಬಿಡದೆ ತಡೆಯುವ ಥರ್ಮೋಸ್ಟಾಟ್ ತೆರೆದೇ ನಿಂತಿದ್ದರೂ ಎಂಜಿನ್ ಸಾಕಷ್ಟು ಬಿಸಿಯಾಗುವುದಿಲ್ಲ, ಐಡ್ಲಿಂಗ್ ಸರಿಯಾಗಿ ಇಳಿಯುವುದೂ ಇಲ್ಲ. ಹೆದ್ದಾರಿಯಲ್ಲಿ ಮುಳ್ಳು ಕೆಳಗಿಳಿಯುವುದು ಅದರ ಗುರುತು.

ಎರಡನೇ ಆರೋಪಿ ಥ್ರಾಟಲ್ ಪೊಸಿಷನ್ ಸೆನ್ಸರ್. ಕಾಲು ತೆಗೆದಿದ್ದೀರಿ ಎಂದು ಇಸಿಯುಗೆ ಗೊತ್ತಾಗುವುದೇ ಇದರಿಂದ. ತಟ್ಟೆ ಮುಚ್ಚಿದಾಗ ಸಾಮಾನ್ಯವಾಗಿ 0.5 ವೋಲ್ಟ್ ಆಸುಪಾಸು, ಪೂರ್ತಿ ತೆರೆದಾಗ 4.5 ವೋಲ್ಟ್ ಆಸುಪಾಸು ಬರುತ್ತದೆ. ಅಂಕಿಗಿಂತ ಅದರ ನಿಷ್ಠೆ ಮುಖ್ಯ: ಹತ್ತು ಸಲ ತೆರೆದು ಮುಚ್ಚಿದರೆ ಹತ್ತೂ ಸಲ ಅದೇ ವೋಲ್ಟಿಗೆ ಮರಳಬೇಕು. ಒಮ್ಮೆ 0.5, ಇನ್ನೊಮ್ಮೆ 0.7 ಎಂದರೆ, ಇನ್ನೂ ಕಾಲು ಇಟ್ಟಿದ್ದಾರೆ ಎಂದುಕೊಂಡು ಇಸಿಯು ಐಡ್ಲಿಂಗ್ ಇಳಿಸುವ ಕೆಲಸಕ್ಕೇ ಬರುವುದಿಲ್ಲ. ಸ್ಕ್ರೂಡ್ರೈವರ್ ಹಿಡಿಯಿಂದ ಸೆನ್ಸರನ್ನು ಮೆತ್ತಗೆ ತಟ್ಟುತ್ತ ಅಂಕಿ ನೋಡಿ.

ಎರಡು ಸೆನ್ಸರೂ ಒಟ್ಟಿಗೆ ಸುಳ್ಳು ಹೇಳುತ್ತಿದ್ದರೆ ಅವನ್ನು ಬೈಯಬೇಡಿ, ಅರ್ಥಿಂಗ್ ನೋಡಿ. ಹಳೇ ಕಾರುಗಳಲ್ಲಿ ಇದನ್ನು ಮರೆಯುವವರೇ ಹೆಚ್ಚು. ಹೆಡ್‌ಲೈಟ್, ಬ್ಲೋವರ್ ಹಾಕಿ, ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ನೆಗೆಟಿವ್‌ಗೂ ಸೆನ್ಸರಿನ ಅರ್ಥ್ ತಂತಿಗೂ ನಡುವೆ ಮಲ್ಟಿಮೀಟರ್ ಇಡಿ. 0.1 ವೋಲ್ಟಿಗಿಂತ ಹೆಚ್ಚು ಬಂದರೆ ಎಲ್ಲೋ ತುಕ್ಕು ಹಿಡಿದ ಬೋಲ್ಟ್ ಇದೆ.

ಹಂತ 5: ಕನ್ನ

ಪೈಪುಗಳನ್ನು ಕಣ್ಣಿನಿಂದಲ್ಲ, ಬೆರಳಿನಿಂದ ನೋಡಬೇಕು. ಮೊಣಕೈಯಂತೆ ತಿರುಗುವ ಜಾಗದ ಹಿಂಭಾಗ, ಕ್ಲಿಪ್ ಕೆಳಗಿನ ತುದಿ, ಬಿರುಕು ಬಿಡುವುದು ಇಲ್ಲೇ. ಒಂದು ಮೊಳ ರಬ್ಬರ್ ಪೈಪಿನ ಒಂದು ತುದಿ ಕಿವಿಗಿಟ್ಟು ಇನ್ನೊಂದನ್ನು ಎಂಜಿನ್ ಮೇಲೆ ಆಡಿಸಿದರೆ ಸೀಟಿಯ ಜಾಗ ಗೊತ್ತಾಗುತ್ತದೆ.

ಅನೇಕರು ಕಾರ್ಬ್ಯುರೇಟರ್ ಕ್ಲೀನರ್ ಎರಚಿ, ಆರ್‌ಪಿಎಂ ಬದಲಾಗುವ ಜಾಗ ಹುಡುಕುತ್ತಾರೆ. ಅದು ಬೆಂಕಿ ಹತ್ತುವ ವಸ್ತು, ಪಕ್ಕದಲ್ಲೇ ಸುಡುವ ಎಕ್ಸಾಸ್ಟ್ ಮತ್ತು ಕಿಡಿ ಬಿಡುವ ಹಳೇ ಪ್ಲಗ್ ವೈರ್. ನಾನು ನೀರು ತುಂಬಿದ ಸ್ಪ್ರೇ ಬಾಟಲಿ ಬಳಸುತ್ತೇನೆ, ಇಗ್ನಿಷನ್ ಭಾಗಕ್ಕೆ ತಾಗದಂತೆ. ಬಿರುಕಿನ ಮೇಲೆ ನೀರು ಬಿದ್ದಾಗ ಒಂದು ಕ್ಷಣ ಮುಚ್ಚಿಕೊಂಡು ಸದ್ದು ಬದಲಾಗುತ್ತದೆ. ಹೊಗೆ ಯಂತ್ರ ಇರುವ ಗ್ಯಾರೇಜ್ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ: ಎಂಜಿನ್ ಆಫ್ ಇರುವಾಗ ಒಳಗೆ ಹೊಗೆ ತುಂಬಿದರೆ ಕನ್ನ ತಾನೇ ಬಾಯಿ ಬಿಡುತ್ತದೆ.

ಬ್ರೇಕ್ ಬೂಸ್ಟರಿಗೆ ಬೇರೆ ಪರೀಕ್ಷೆ. ಎಂಜಿನ್ ಆಫ್ ಮಾಡಿ ಪೆಡಲನ್ನು ನಾಲ್ಕೈದು ಸಲ ಒತ್ತಿ ಗಟ್ಟಿಯಾಗಿಸಿ, ಕಾಲು ಇಟ್ಟುಕೊಂಡೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿಯಬೇಕು. ಇಳಿಯದಿದ್ದರೆ ಐಡ್ಲಿಂಗ್ ಬಿಡಿ, ಮೊದಲು ಬ್ರೇಕ್ ಸರಿ ಮಾಡಿಸಿ. ಎಂಜಿನ್ನಿನ ಕೆಳಭಾಗದ ಆವಿಯನ್ನು ಮತ್ತೆ ಒಳಗೆಳೆಯುವ ಪಿಸಿವಿ ವಾಲ್ವಿನ ಪೈಪ್ ಅದುಮಿದರೆ ಆರ್‌ಪಿಎಂ ಸ್ವಲ್ಪ ಇಳಿಯುವುದು ಸಹಜ, ನೂರಾರು ಇಳಿದರೆ ವಾಲ್ವ್ ತೆರೆದು ನಿಂತಿದೆ. ಪೆಟ್ರೋಲ್ ಟ್ಯಾಂಕಿನ ಆವಿಯನ್ನು ಎಳೆಯುವ ಪರ್ಜ್ ವಾಲ್ವ್ ಕೂಡ ಹೀಗೆ ಆಗಾಗ ಸಿಕ್ಕಿಕೊಳ್ಳುತ್ತದೆ. ಹೊಗೆಯ ಒಂದಂಶವನ್ನು ಎಂಜಿನ್‌ಗೆ ಮರಳಿಸುವ ಇಜಿಆರ್ ವಾಲ್ವಿನ ಮೇಲೆ ಅನುಮಾನ ಪಡುವವರಿಗೆ: ಅದು ತೆರೆದು ನಿಂತರೆ ಎಂಜಿನ್ ನಡುಗಿ ಬಂದ್ ಬೀಳುತ್ತದೆ, ಸಾಮಾನ್ಯವಾಗಿ ವೇಗ ಏರುವುದಿಲ್ಲ.

ಒಂದೇ ಬಿರುಕು ಎರಡು ಕಾರುಗಳಲ್ಲಿ ಎರಡು ರೀತಿ ಕಾಣುವುದೇಕೆ? ಮ್ಯಾನಿಫೋಲ್ಡಿನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಕಾರಿನಲ್ಲಿ, ನುಗ್ಗಿದ ಗಾಳಿಯೂ ಲೆಕ್ಕಕ್ಕೆ ಸಿಕ್ಕು ಅದಕ್ಕೆ ತಕ್ಕ ಪೆಟ್ರೋಲ್ ಸೇರಿ ಎಂಜಿನ್ ಹಾಯಾಗಿ ಜೋರು ಓಡುತ್ತದೆ. ಮಾಸ್ ಏರ್‌ಫ್ಲೋ ಸೆನ್ಸರ್ ಕಾರಿನಲ್ಲಿ ಆ ಗಾಳಿ ಲೆಕ್ಕ ತಪ್ಪಿಸಿಕೊಂಡು ಬರುವುದರಿಂದ ಮಿಶ್ರಣ ತೆಳುವಾಗಿ ನಡುಕ ಬರುತ್ತದೆ. ಸ್ಕ್ಯಾನರಿನಲ್ಲಿ ಫ್ಯೂಯಲ್ ಟ್ರಿಮ್, ಅಂದರೆ ಇಸಿಯು ಪೆಟ್ರೋಲನ್ನು ಹೆಚ್ಚು ಕಡಿಮೆ ಮಾಡುವ ಅಂಕಿ, ಐಡ್ಲಿಂಗ್‌ನಲ್ಲಿ ಪ್ಲಸ್ 10 ಶೇಕಡಾ ದಾಟಿ, 2,500 ಆರ್‌ಪಿಎಂಗೆ ಏರಿಸಿದಾಗ ಸೊನ್ನೆಯತ್ತ ಬಂದರೆ ಕನ್ನ ಖಚಿತವೆಂದೇ ತಿಳಿಯಿರಿ. ಸ್ಕ್ಯಾನರಿನಲ್ಲಿ ಪಿ0507 ಎಂಬ ದೋಷದ ಕೋಡ್ ಬಂದಿದ್ದರೆ ಅದು ಹೇಳುವುದು ಐಡ್ಲಿಂಗ್ ಹೆಚ್ಚಿದೆ ಎಂದಷ್ಟೆ. ಅದು ನಿಮಗೂ ಗೊತ್ತಿತ್ತು.

ಇನ್ನು ಆ ಉಯ್ಯಾಲೆ. ಕಾಲು ತೆಗೆದಿದ್ದೂ ವೇಗ ಒಂದು ಮಿತಿ ದಾಟಿದರೆ, ಗಾಡಿ ಇಳಿಜಾರಿನಲ್ಲಿದೆ ಎಂದುಕೊಂಡು ಇಸಿಯು ಪೆಟ್ರೋಲ್ ನಿಲ್ಲಿಸುತ್ತದೆ. ವೇಗ ಬೀಳುತ್ತದೆ, ಮತ್ತೆ ಪೆಟ್ರೋಲ್ ಬಿಡುತ್ತದೆ, ಮತ್ತೆ ಏರುತ್ತದೆ. ಏರಿಳಿತ ಕಂಡರೆ ಹೆಚ್ಚುವರಿ ಗಾಳಿ ತುಸುವಲ್ಲ, ಸಾಕಷ್ಟಿದೆ ಎಂದರ್ಥ.

ಕಾರ್ಬ್ಯುರೇಟರ್ ಗಾಡಿ ಇದ್ದವರಿಗೆ

ಐಎಸಿಯೂ ಇಲ್ಲ, ಇಸಿಯುವೂ ಇಲ್ಲ, ಆದರೆ ಚೋಕ್ ಜೊತೆ ಕೂಡಿದ ಫಾಸ್ಟ್ ಐಡಲ್ ಕ್ಯಾಮ್, ಅಂದರೆ ತಣ್ಣಗಿದ್ದಾಗ ಐಡ್ಲಿಂಗ್ ಏರಿಸುವ ಮೆಟ್ಟಿಲಿನ ಆಕಾರದ ಭಾಗ ಇದೆ. ಬಿಸಿಯಾದ ಮೇಲೂ ಅದು ಮೆಟ್ಟಿಲಿನಿಂದ ಇಳಿಯದಿದ್ದರೆ ಐಡ್ಲಿಂಗ್ ಮೇಲೇ ನಿಲ್ಲುತ್ತದೆ. ಥ್ರಾಟಲ್ ಶಾಫ್ಟ್ ಸವೆದು ಅಲುಗಾಡುತ್ತಿದ್ದರೆ ಅಲ್ಲಿಂದಲೂ ಗಾಳಿ.

ಮೊದಲೇ ಹೇಳಿದ ಅಪವಾದ ಇಲ್ಲಿದೆ. ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಒಳಗೆ ವೇಗಕ್ಕೆ ತಕ್ಕಂತೆ ಕಿಡಿಯನ್ನು ಮುಂದೆ ತರುವ ತೂಕದ ಗುಂಡುಗಳಿರುತ್ತವೆ. ಗ್ರೀಸ್ ಒಣಗಿಯೋ ಸ್ಪ್ರಿಂಗ್ ಸೋತೋ ಅವು ವಾಪಸ್ ಬರದಿದ್ದರೆ, ಜೋರಾಗಿ ಓಡಿಸಿ ನಿಲ್ಲಿಸಿದ ಮೇಲೂ ಎಂಜಿನ್ ಕೂಗುತ್ತಲೇ ಇರುತ್ತದೆ, ಗಾಳಿ ಎಲ್ಲಿಯೂ ಸೋರದೆ. ಕಿಡಿಯ ಹೊತ್ತು ತೋರಿಸುವ ಟೈಮಿಂಗ್ ಲೈಟ್ ಹಿಡಿದು, ಎಂಜಿನ್ ಏರಿಸಿ ಬಿಟ್ಟಾಗ ಗುರುತು ಹಳೇ ಜಾಗಕ್ಕೆ ಬರುತ್ತದೆಯೇ ನೋಡಿ. ಒಂದು ಹನಿ ಎಣ್ಣೆಗೆ ಸರಿಹೋಗುವ ಈ ತೊಂದರೆಗೆ ಕಾರ್ಬ್ಯುರೇಟರ್ ಬಿಚ್ಚಿ ಕೂತವರನ್ನು ನೋಡಿದ್ದೇನೆ.

ರಿಪೇರಿ ಆದ ಮೇಲೆ

ಒಂದು ದಿನ ಸರಿ ಓಡಿದರೆ ಅದು ಸಾಕ್ಷಿಯಲ್ಲ, ಕೆಟ್ಟಿದ್ದಾಗಲೂ ಎಷ್ಟೋ ದಿನ ಸರಿ ಓಡಿತ್ತಲ್ಲ. ನೋಟ್‌ಬುಕ್ ತೆಗೆದು, ತೊಂದರೆ ಯಾವ ಸ್ಥಿತಿಯಲ್ಲಿ ಬರುತ್ತಿತ್ತೋ ಅದನ್ನೇ ಬೇಕೆಂದು ಮರುಸೃಷ್ಟಿಸಿ: ಅಷ್ಟೇ ದೂರ, ಅಷ್ಟೇ ಬಿಸಿ, ಅದೇ ರೀತಿ ನಿಲ್ಲಿಸುವುದು. ಒಮ್ಮೆಗೆ ಒಂದೇ ಭಾಗ ಬದಲಿಸಿ, ಯಾವಾಗ ಬದಲಿಸಿದಿರಿ ಎಂಬುದನ್ನೂ ಅದೇ ಪುಟದಲ್ಲಿ ಬರೆಯಿರಿ. ಮೊದಲು ಎರಡು ದಿನಕ್ಕೊಮ್ಮೆ ಬರುತ್ತಿದ್ದ ತೊಂದರೆ ಎರಡು ವಾರ ಬಾರದಿದ್ದರೆ ಆಗ ಇಕ್ಕಳವನ್ನು ಕಾರಿನಿಂದ ಮನೆಯೊಳಗೆ ತಂದಿಡಬಹುದು.